ರಿಪೇರಿ ಪಟ್ಟಿಯಲ್ಲಿದ್ದ ಜೀಪು

ನಮ್ಮ ನಿಗಮದ ಹೆಸರು ಹೇಳುವುದಿಲ್ಲ. ಹೇಳಿದರೆ ನೋಟಿಸು ಕಳಿಸುವಷ್ಟು ಪುರುಸೊತ್ತು ಅವರಿಗೆ ಇವತ್ತಿಗೂ ಇದೆ. ಸರ್ಕಾರದ್ದೇ ನಿಗಮ, ಸುತ್ತಮುತ್ತಲ ಊರುಗಳಲ್ಲಿ ಅದರ ಗೋದಾಮುಗಳಿವೆ. ಅಲ್ಲಿಗೆ ಹೋಗಿ ಭತ್ತದ ತೇವ ಅಳೆಯುವುದು, ಮೆಕ್ಕೆಜೋಳದ ಚೀಲ ಚುಚ್ಚಿ ಹುಳ ಬಿದ್ದಿದೆಯೇ ಎಂದು ನೋಡುವುದು, ಚಾವಣಿ ಸೋರುತ್ತಿದ್ದರೆ ಸೋರುತ್ತಿದೆ ಎಂದು ಬರೆಯುವುದು ನನ್ನ ಕೆಲಸ. ಕೇಳುವುದಕ್ಕೆ ಸಣ್ಣ ಕೆಲಸ. ಆದರೆ ಅದನ್ನು ದಕ್ಕಿಸಿಕೊಳ್ಳುವುದಕ್ಕೆ ನಾನು ಹನ್ನೊಂದು ವರ್ಷ ಜಗಳವಾಡಿದ್ದೇನೆ.

ಆ ಹನ್ನೊಂದು ವರ್ಷವೂ ನಾನು ಶಿವಮೊಗ್ಗದ ಕಚೇರಿಯ ಟಪಾಲು ವಿಭಾಗದಲ್ಲಿ ಕೂತಿದ್ದೆ. ಕಿಟಕಿ ಇಲ್ಲದ ಕೋಣೆ. ಬಂದ ಕಾಗದಕ್ಕೆ ಮೊಹರು ಒತ್ತುವುದು, ಹೋಗುವ ಕಾಗದಕ್ಕೆ ಅಂಟು ಹಚ್ಚುವುದು. ಒಮ್ಮೆ ಮೇಲಿನವರೊಬ್ಬರು ಬಂದು, ಈ ಕಾಗದವನ್ನು ನಾಲ್ಕು ದಿನ ತಡೆದಿಡಮ್ಮ ಎಂದು ಬಾಯಲ್ಲಿ ಹೇಳಿದರು. ತಡೆದಿಟ್ಟೆ. ವಿಚಾರಣೆ ಬಂದಾಗ ಅದೇ ಮನುಷ್ಯ, ನಾನು ಹಾಗೆ ಹೇಳಿಯೇ ಇಲ್ಲ ಎಂದು ಮುಖ ತಿರುಗಿಸಿದರು. ಮೆಮೊ ಬಂದದ್ದು ನನಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ನಿಗಮದ ಹಳೆಯ ಪದ್ಧತಿ. ಅವತ್ತಿನಿಂದ ಯಾರು ಏನೇ ಹೇಳಲಿ, ನನ್ನ ಉತ್ತರ ಒಂದೇ ಆಯಿತು: ಬರೆದು ಕೊಡಿ. ಹಿಂದಿನಿಂದ ನನ್ನನ್ನು ‘ಬರೆದು ಕೊಡಿ ಮೇಡಂ’ ಎಂದು ಕರೆಯುತ್ತಿದ್ದರು. ನನಗೆ ಅದು ಬೈಗುಳ ಎನ್ನಿಸಲಿಲ್ಲ, ಬಿರುದು ಎನ್ನಿಸುತ್ತಿತ್ತು.

ಕೊನೆಗೂ ತಪಾಸಣೆಯ ಹುದ್ದೆ ಸಿಕ್ಕಿತು. ಅದರ ಜೊತೆಗೆ ಒಂದು ಬಿಳಿ ಜೀಪು, ಜೀಪಿನ ಜೊತೆಗೆ ಒಬ್ಬ ಡ್ರೈವರ್. ಕೊಡುವಾಗಲೇ ನಮ್ಮ ವ್ಯವಸ್ಥಾಪಕರು ಬಾಯಿ ಬಿಟ್ಟು ಹೇಳಿದ್ದರು: ಮುಂದಿನ ವರ್ಷದ ಮಾರ್ಚ್ ಒಳಗೆ ಎಲ್ಲಾ ಗೋದಾಮುಗಳ ತಪಾಸಣೆ ಮುಗಿಯದಿದ್ದರೆ ನೀವು ವಾಪಸು ಟಪಾಲಿಗೆ. ಅದನ್ನೂ ನಾನು ಬರೆಸಿಕೊಂಡೆ. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಯುಗಾದಿ ಕಳೆದು ಒಂದು ವಾರಕ್ಕೆ ಜೀಪು ಕ್ಲಚ್ ಹೋಗಿದೆ ಎಂದು ಶೆಡ್ಡಿಗೆ ಹೋಯಿತು. ಹೋದದ್ದು ಹೋದದ್ದೇ.

ಶೆಡ್ ಇರುವುದು ಭದ್ರಾವತಿಯಲ್ಲಿ, ನ್ಯೂ ಟೌನಿನ ಅಂಚಿನಲ್ಲಿ. ಉಕ್ಕಿನ ಕಾರ್ಖಾನೆಯವರಿಗೆಂದು ಅಳತೆ ಹಿಡಿದು ಹಾಕಿದ ಅಗಲವಾದ ರಸ್ತೆಗಳು, ಸಾಲುಮರ, ಒಂದೇ ಅಚ್ಚಿನ ಮನೆಗಳು ಮುಗಿದ ಕಡೆ ನಮ್ಮ ನಿಗಮದ ತಗಡಿನ ಶೆಡ್ ಶುರುವಾಗುತ್ತದೆ. ಗೋಡೆಗೆ ಒಂದು ಕಪ್ಪು ಹಲಗೆ. ಅದರ ಮೇಲೆ ಗಾಡಿ ನಂಬರು, ಅದರ ಮುಂದೆ ದೂರು, ಅದರ ಮುಂದೆ ‘ಕೆಲಸ ನಡೆಯುತ್ತಿದೆ’. ಆ ಮೂರನೆಯ ಮಾತನ್ನು ಬಣ್ಣದಲ್ಲೇ ಬರೆಸಿಬಿಟ್ಟಿದ್ದರು. ಅಳಿಸುವ ಸಂದರ್ಭ ಬರುವುದಿಲ್ಲ ಎಂದು ಅವರಿಗೇ ಗೊತ್ತಿತ್ತು. ಹಲಗೆಯ ಕೆಳಗೆ ನಾಲ್ಕು ಜೀಪು ಬಾನೆಟ್ ತೆರೆದುಕೊಂಡು, ದಂತವೈದ್ಯರ ಮುಂದೆ ಬಾಯಿ ಕಳೆದವರ ಹಾಗೆ, ಸಾಲಾಗಿ ನಿಂತಿರುತ್ತಿದ್ದವು. ಮೂರನೆಯದು ನನ್ನದು.

ಶೆಡ್ಡಿನ ಯಜಮಾನ ಒಬ್ಬ ಫೋರ್‌ಮನ್. ಅವನ ಅಪ್ಪ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದವರು. ಅವನ ಕನ್ನಡ ಸಲೀಸಾಗಿತ್ತು, ಎಣ್ಣೆ ಹಾಕಿದ ಹಾಗೆ. ಎಲ್ಲಿ ಹಿಡಿದರೂ ಜಾರುತ್ತಿತ್ತು.

“ನಮ್ಮ ಗಾಡಿ ಯಾವಾಗ ಸಿಗತ್ತೆ?” ಎಂದು ಮೊದಲ ಸೋಮವಾರ ಕೇಳಿದೆ.

“ಪ್ಲೇಟ್ ಬರ್ಬೇಕಮ್ಮಾ. ಕ್ಲಚ್ ಪ್ಲೇಟ್.”

“ಎಲ್ಲಿಂದ ಬರಬೇಕು? ಸ್ಟೋರ್ ನಿಮ್ಮ ಬೆನ್ನ ಹಿಂದೇನೇ ಇದೆಯಲ್ಲ?”

“ಸ್ಟೋರಲ್ಲಿ ಇದೆ. ಆದ್ರೆ ಸತ್ತ ಪ್ಲೇಟ್ ಕೊಡದೆ ಹೊಸ ಪ್ಲೇಟ್ ಕೊಡಲ್ವಲ್ಲಮ್ಮಾ. ರೂಲ್ಸು.”

ನಿಯಮ ನಿಜವಾಗಿಯೂ ಹಾಗೇ ಇತ್ತು. ನಮ್ಮ ಶೆಡ್ಡಿನಲ್ಲಿ ಹೊಸ ಸಾಮಾನು ಬೇಕಾದರೆ ಕೆಟ್ಟುಹೋದ ಹಳೆಯದನ್ನು ಮೊದಲು ಸ್ಟೋರಿನ ಕಿಟಕಿಯಲ್ಲಿ ಇಡಬೇಕು. ಅದನ್ನು ಅವರು ‘ಸತ್ತದ್ದು’ ಎನ್ನುತ್ತಾರೆ. ಯಾರೋ ಎಂದೋ ಕಳ್ಳತನ ತಡೆಯಲು ಮಾಡಿದ ನಿಯಮ. ಈಗ ಏನಾಗಿದೆಯೆಂದರೆ, ಹೊಸದಕ್ಕಿಂತ ಸತ್ತದ್ದಕ್ಕೇ ಬೆಲೆ. ಮೆಕ್ಯಾನಿಕ್‌ಗಳು ಸವೆದ ಬೇರಿಂಗು, ಸುಟ್ಟ ಕಾಯಿಲ್ಲುಗಳನ್ನು ಬೀರುವಿನಲ್ಲಿ ಬೀಗ ಹಾಕಿಡುತ್ತಾರೆ. ಹೊಸ ಸಾಮಾನು ಮಾತ್ರ ಯಾರು ಬೇಕಾದರೂ ಮುಟ್ಟುವ ಹಾಗೆ ಬೆಂಚಿನ ಮೇಲೆ ಬಿದ್ದಿರುತ್ತದೆ.

“ನಮ್ಮ ಗಾಡಿಯ ಸತ್ತ ಪ್ಲೇಟ್ ಎಲ್ಲಿ ಹಾಗಾದ್ರೆ?”

“ಬಿಚ್ಚಿದ್ದು ನಿಜ. ಆಮೇಲೆ ಕಾಣ್ತಾ ಇಲ್ಲ.”

“ಅದನ್ನೇ ಬರೆದು ಕೊಡಿ.”

ಫೋರ್‌ಮನ್ ನನ್ನನ್ನು ಒಂದು ಗಳಿಗೆ ನೋಡಿ, ಕೈ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಟೀ ಕುಡಿಯಲು ಹೋದ. ಬರೆದು ಕೊಡಲಿಲ್ಲ.

ಹೀಗೆ ಪ್ರತಿ ಸೋಮವಾರ ಹೋದೆ. ಅವನು ಪ್ರತಿ ಸೋಮವಾರ ಟೀ ಕುಡಿದ. ನಡುವೆ ಬಸ್ಸು ಹತ್ತಿ ನನ್ನ ಕೆಲಸ ಮಾಡಿದೆ. ಬಸ್ಸು ಹೋಗುವ ಊರಿನ ಗೋದಾಮುಗಳು ಕಡಿಮೆ, ಹೋಗದ ಊರಿನವೇ ಹೆಚ್ಚು. ಶಂಕರಘಟ್ಟದ ಬಸ್ಸಿನಲ್ಲಿ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಿರುತ್ತಿದ್ದರು. ನಾನು ತೇವ ಅಳೆಯುವ ಯಂತ್ರವನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ನಿಂತಿರುತ್ತಿದ್ದೆ. ಕ್ಯಾಂಪಸ್ಸಿನಲ್ಲಿ ಬಸ್ಸು ಖಾಲಿಯಾಗುತ್ತಿತ್ತು. ನಾನು ಅಲ್ಲಿಂದ ಇನ್ನೂ ಆಚೆ, ಬಿಸಿಲಲ್ಲಿ, ಯಾರದಾದರೂ ಟ್ರ್ಯಾಕ್ಟರ್ ಸಿಕ್ಕೀತೇ ಎಂದು ಕಾಯಬೇಕಿತ್ತು. ತಿಂಗಳ ಕೊನೆಗೆ ನನ್ನ ವರದಿಯಲ್ಲಿ ಅರ್ಧ ಜಾಗ ಖಾಲಿ ಉಳಿಯುತ್ತಿತ್ತು. ವ್ಯವಸ್ಥಾಪಕರು ಅದನ್ನು ನೋಡಿ ಕ್ಯಾಲೆಂಡರ್ ಕಡೆ ಕಣ್ಣು ಹಾಯಿಸುತ್ತಿದ್ದರು.

ಆ ಹೊತ್ತಿಗೆ ನನ್ನ ಹೊಟ್ಟೆ ಹೆಚ್ಚು ಉರಿಯುತ್ತಿದ್ದದ್ದು ಫೋರ್‌ಮನ್ ಮೇಲಲ್ಲ, ಡ್ರೈವರ್ ಮೇಲೆ.

ಅವನು ಮಲವಗೊಪ್ಪದವನು. ಐವತ್ತು ದಾಟಿದ್ದ. ಹಣೆಗೆ ಮೂರು ಬೆರಳಗಲ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೊರಗುತ್ತಿಗೆ ನೌಕರ. ನಮ್ಮಲ್ಲಿ ಹೊರಗುತ್ತಿಗೆ ಡ್ರೈವರನ ಹಾಜರಿ ಗಾಡಿಯ ಹೆಸರಿನಲ್ಲಿ ನಡೆಯುತ್ತದೆ, ಗಾಡಿ ಎಲ್ಲಿದೆಯೋ ಡ್ರೈವರ್ ಅಲ್ಲಿ. ಗಾಡಿ ಶೆಡ್ಡಿನಲ್ಲಿ ನಿಂತಿತ್ತಲ್ಲ, ಅವನೂ ಶೆಡ್ಡಿನಲ್ಲಿ ಕೂತಿದ್ದ. ಬೆಳಿಗ್ಗೆ ಬಂದು ಓಡದ ಗಾಡಿಯ ಗಾಜು ಒರೆಸುವನು. ಡ್ಯಾಶ್‌ಬೋರ್ಡಿನ ಮೇಲಿದ್ದ ಹಿತ್ತಾಳೆಯ ನಂದಿಗೆ ಹೂವು ಏರಿಸುವನು. ಮಧ್ಯಾಹ್ನ ಬುತ್ತಿ ಬಿಚ್ಚುವನು. ಸಂಜೆ ಎರಡೂ ವೈಪರ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗುವನು, ಬಿಟ್ಟರೆ ಬೇರೆ ಡ್ರೈವರುಗಳು ಕದಿಯುತ್ತಾರೆ ಎಂದು. ನಮ್ಮ ಕಚೇರಿಯ ಹಳೆಯ ಯೂನಿಯನ್ ಮುಖಂಡರೊಬ್ಬರಿಗೆ ಇದನ್ನು ಹೇಳಿದೆ. ಅವರು ಕಣ್ಣರಳಿಸಿ, “ರಷ್ಯಾದಲ್ಲೂ ಹಂಗೇನಮ್ಮ! ಕಮ್ಯುನಿಸ್ಟರ ಕಾಲ್ದಲ್ಲಿ ಎಲ್ಲರೂ ವೈಪರ್ ಮನೆಗೆ ತಗೊಂಡು ಹೋಗೋರಂತೆ. ಕಾರು ರಿಪೇರಿಗೆ ಬಿಟ್ರೆ ವರ್ಷಗಟ್ಲೆ ಕಾಯೋರಂತೆ,” ಎಂದರು. ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ, ಅಭಿಮಾನವಿತ್ತು. ಅಲ್ಲಿ ಆ ಸರ್ಕಾರವೇ ಬಿದ್ದುಹೋಯಿತಲ್ಲ ಎಂದೆ. ಅವರಿಗೆ ಕೇಳಿಸಲಿಲ್ಲ.

“ಇಡೀ ದಿನ ಇಲ್ಲಿ ಕೂತು ಏನು ಮಾಡ್ತೀರಿ?” ಎಂದು ಡ್ರೈವರನನ್ನು ಒಮ್ಮೆ ಎಲ್ಲರ ಮುಂದೆಯೇ ಕೇಳಿದೆ.

“ಗಾಡಿ ನೋಡ್ಕೋತೀನಿ ಮೇಡಂ.”

“ಗಾಡಿ ಏನು ಎದ್ದು ಓಡಿ ಹೋಗ್ತದಾ?”

ಅವನು ತಲೆ ತಗ್ಗಿಸಿ ಕನ್ನಡಿ ಒರೆಸಿದ. ಕೆಲಸವಿಲ್ಲದ ಬಡಗಿಯ ಗಾದೆ ಎಲ್ಲರಿಗೂ ಗೊತ್ತು, ನಾನಿಲ್ಲಿ ಪೂರ್ತಿ ಹೇಳುವುದಿಲ್ಲ. ಅವತ್ತು ಶೆಡ್ಡಿನಲ್ಲಿ ಪೂರ್ತಿ ಹೇಳಿದೆ. ಮೆಕ್ಯಾನಿಕ್‌ಗಳು ನಕ್ಕರು. ಅವನು ಮಾತ್ರ ಕನ್ನಡಿಯ ಅದೇ ಜಾಗವನ್ನು ಮತ್ತೆ ಮತ್ತೆ ಒರೆಸಿದ. ನನಗೆ ಪಾಪ ಎನ್ನಿಸಲಿಲ್ಲ. ಅವನು ಕೂತು ತಿನ್ನುವ ಒಂದೊಂದು ದಿನವೂ ನನ್ನನ್ನು ಆ ಕಿಟಕಿಯಿಲ್ಲದ ಕೋಣೆಗೆ ಒಂದೊಂದು ಹೆಜ್ಜೆ ಹತ್ತಿರ ತಳ್ಳುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಒಂದು ಉಪಾಯ ಹೊಳೆಯಿತು. ಶಿವಮೊಗ್ಗದ ಬಿ.ಹೆಚ್. ರಸ್ತೆಯಲ್ಲಿ ನನ್ನ ಸ್ಕೂಟರ್ ನೋಡುವ ಒಬ್ಬ ಗ್ಯಾರೇಜಿನವನಿದ್ದಾನೆ, ಜೀಪುಗಳನ್ನೂ ಮಾಡುತ್ತಾನೆ. ಅವನ ಬಳಿ ಹೋಗಿ, ನನಗೊಂದು ಸತ್ತ ಕ್ಲಚ್ ಪ್ಲೇಟ್ ಬೇಕು ಎಂದೆ.

“ಸತ್ತಿದ್ದು ಯಾಕೆ ಅಕ್ಕಾ? ಒಳ್ಳೇದೇ ಕೊಡ್ತೀನಿ. ಗಾಡಿ ತನ್ನಿ, ಸಂಜೆಯೊಳಗೆ ಮಾಡಿ ಕಳಿಸ್ತೀನಿ.”

ಹೊರಗಿನವರು ಮುಟ್ಟುವ ಹಾಗಿಲ್ಲ ಎಂದು ವಿವರಿಸಿದೆ. ಅವನಿಗೆ ಅರ್ಥವಾಗಲಿಲ್ಲ. ಆದರೂ ಗುಜರಿ ರಾಶಿಯಲ್ಲಿ ಹುಡುಕಿ, ಸವೆದು ನುಣ್ಣಗಾದ ಒಂದು ಪ್ಲೇಟ್ ತೆಗೆದ. ಅದನ್ನು ಕೈಯಲ್ಲಿ ಹಿಡಿದು ಪಾಠವನ್ನೂ ಹೇಳಿದ: “ಇಂಜಿನ್‌ಗೂ ಚಕ್ರಕ್ಕೂ ಮಧ್ಯೆ ಸಂಬಂಧ ಅಂದ್ರೆ ಇದೊಂದೇ ಅಕ್ಕಾ. ಇದಿಲ್ಲ ಅಂದ್ರೆ ಇಂಜಿನ್ ಪಾಡಿಗೆ ಇಂಜಿನ್, ಚಕ್ರದ ಪಾಡಿಗೆ ಚಕ್ರ. ತಳ್ಳಿದ್ರೂ ಸ್ಟಾರ್ಟ್ ಆಗಲ್ಲ.” ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಮುಂದಿನ ಸೋಮವಾರ ಆ ಪ್ಲೇಟನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ಸ್ಟೋರಿನ ಕಿಟಕಿಯಲ್ಲಿ ಧಡ್ ಎಂದು ಇಟ್ಟೆ. ಯುದ್ಧ ಗೆದ್ದಷ್ಟು ಖುಷಿಯಾಗಿತ್ತು. ಫೋರ್‌ಮನ್ ಬಂದು ಕನ್ನಡಕ ಹಾಕಿಕೊಂಡು, ಪ್ಲೇಟನ್ನು ಸುತ್ತ ತಿರುಗಿಸಿ ನೋಡಿದ.

“ಇದು ನಮ್ಮ ಹೆಣ ಅಲ್ಲಮ್ಮಾ,” ಎಂದ.

ನಿಗಮದ ಪ್ರತಿಯೊಂದು ಸಾಮಾನಿನ ಮೇಲೂ ಒಂದು ನಂಬರ್ ಕೆತ್ತಿರುತ್ತದಂತೆ. ಇದರ ಮೇಲೆ ಇರಲಿಲ್ಲ. ಹಿಂದೆ ಯಾರೋ ನಕ್ಕರು. ಪ್ಲೇಟನ್ನು ಅಲ್ಲೇ ನೆಲಕ್ಕೆ ಎಸೆದು ಬಂದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಯಾರು ಹೇಳಿದರೋ, ಅವರಿಗೂ ಒಂದು ಶೆಡ್ಡಿನ ಅನುಭವ ಇದ್ದಿರಬೇಕು.

ಆಮೇಲೆ ಆಯುಧಪೂಜೆ ಬಂತು.

ಅಧಿಕಾರಿಗಳೆಲ್ಲ ಪೂಜೆಗೆ ಬರಬೇಕೆಂದು ಸುತ್ತೋಲೆ ಇತ್ತು. ಇಲ್ಲದಿದ್ದರೆ ನಾನು ಆ ಕಡೆ ತಲೆ ಹಾಕುತ್ತಿರಲಿಲ್ಲ. ಶೆಡ್ಡನ್ನು ತೊಳೆದು ಬಾಳೆಕಂದು ಕಟ್ಟಿದ್ದರು. ಸ್ಪ್ಯಾನರುಗಳಿಗೆ ಕುಂಕುಮ, ಜ್ಯಾಕಿಗೆ ಸೇವಂತಿಗೆ. ಆರು ತಿಂಗಳಲ್ಲಿ ಮೊದಲ ಸಲ ನಾಲ್ಕೂ ಜೀಪುಗಳ ಬಾನೆಟ್ ಮುಚ್ಚಿತ್ತು. ನನ್ನ ಜೀಪಿಗೆ ಡ್ರೈವರ್ ಚೆಂಡು ಹೂವಿನ ಹಾರವನ್ನು ಎಷ್ಟು ಮುತುವರ್ಜಿಯಿಂದ ಹಾಕಿದ್ದನೆಂದರೆ, ಮಗಳ ಮದುವೆಯಲ್ಲೂ ಅಷ್ಟು ಮಾಡಿರಲಾರ. ಬೂದುಗುಂಬಳ ಒಡೆದರು. ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು.

ಪೂಜೆಯಾದ ಗಾಡಿ ಮುಂದಕ್ಕೆ ಹೋಗಿ ನಿಂಬೆಹಣ್ಣು ಅಪ್ಪಚ್ಚಿ ಮಾಡಬೇಕು. ಇಲ್ಲದಿದ್ದರೆ ಪೂಜೆ ಪೂರ್ತಿಯಾಗುವುದಿಲ್ಲ. ಓಡದ ಗಾಡಿಗೆ ಏನು ಮಾಡುವುದು? ತಳ್ಳುವುದು. ಆರು ಜನ ಮೆಕ್ಯಾನಿಕ್‌ಗಳು ಜೀಪಿನ ಹಿಂದೆ ಕೈ ಕೊಟ್ಟರು. ಡ್ರೈವರ್ ಒಳಗೆ ಕೂತು, ಕೀಲಿ ತಿರುಗಿಸಿ ಮೂರು ಸಲ ಹಾರನ್ ಹೊಡೆದ. ಫೋರ್‌ಮನ್ ಮಂಗಳಾರತಿ ತಟ್ಟೆ ಹಿಡಿದು, “ತಳ್ರೋ!” ಎಂದ.

ಶೆಡ್ಡಿನ ಮುಂದೆ ಸ್ವಲ್ಪ ಇಳಿಜಾರು. ನಿಂಬೆಹಣ್ಣು ಚಟಚಟ ಒಡೆದವು. ಜೀಪು ಉರುಳಿತು, ವೇಗ ಹಿಡಿಯಿತು. ಅಷ್ಟರಲ್ಲಿ ಒಂದು ಜರ್ಕು ಹೊಡೆದು, ಕಪ್ಪು ಹೊಗೆ ಕಾರಿ, ಇಂಜಿನ್ ಗುರ್ ಎಂದು ಎದ್ದಿತು.

ಅದೇ ಜೀಪನ್ನು ಡ್ರೈವರ್ ವರ್ಷಗಟ್ಟಲೆ ತಳ್ಳಿಸಿ ಸ್ಟಾರ್ಟ್ ಮಾಡಿದ್ದ. ಹಿಂದಿನಿಂದ ಯಾರಾದರೂ ತಳ್ಳಿದರೆ ಕೈ ತಾನಾಗಿ ಎರಡನೇ ಗೇರ್ ಹಾಕುತ್ತಿತ್ತು, ಕಾಲು ತಾನಾಗಿ ಕ್ಲಚ್ ಬಿಡುತ್ತಿತ್ತು. ಅವನು ಬೇಕೆಂದು ಮಾಡಿದ್ದಲ್ಲ, ಅಷ್ಟು ನನಗೂ ಗೊತ್ತು. ಇಂಜಿನ್ ಸದ್ದು ಕೇಳಿದ ಒಂದು ಕ್ಷಣ ಅವನ ಮುಖ ಅರಳಿತು. ಆಮೇಲೆ ಕಿಟಕಿಯಿಂದ ನನ್ನನ್ನು ನೋಡಿದ. ವಿಭೂತಿಯ ಹಣೆ ಬೆವರಿತು. ಅವಸರದಲ್ಲಿ ಇಂಜಿನ್ ಆರಿಸಿದ. ತಳ್ಳಿದ ಆರು ಜನರೂ ಕೈ ಚಾಚಿದಲ್ಲೇ ನಿಂತುಬಿಟ್ಟಿದ್ದರು. ಆರತಿ ತಟ್ಟೆಯ ಕರ್ಪೂರ ಉರಿಯುತ್ತಲೇ ಇತ್ತು.

ಕ್ಲಚ್ ಪ್ಲೇಟ್ ಇಲ್ಲದ ಗಾಡಿ ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ. ಇದು ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

“ಪ್ಲೇಟ್ ಒಳಗೇ ಇದೆಯಲ್ಲ?” ಎಂದು ಫೋರ್‌ಮನ್‌ನನ್ನು ಕೇಳಿದೆ. “ಆರು ತಿಂಗಳಿಂದ ಒಳಗೇ ಇದೆಯಲ್ಲ?”

ಅವನು ಮೊದಲ ಸಲ ಜಾರಲಿಲ್ಲ. “ಇವತ್ತು ಹಬ್ಬ. ಇವತ್ತು ಬೇಡಮ್ಮಾ. ನಾಳೆ ಬನ್ನಿ, ಕೂತು ಮಾತಾಡೋಣ,” ಎಂದ.

“ಮಾತಾಡೋದು ಬೇಡ. ಬರೆದು ಕೊಡಿ.”

ಅವನು ಆರತಿ ತಟ್ಟೆಯನ್ನು ನನ್ನ ಮುಂದೆ ಹಿಡಿದ. ನಾನು ತೆಗೆದುಕೊಳ್ಳದೆ ಹೊರಟೆ.

ಮರುದಿನ ಅವರು ಮಾತಾಡಲು ಕಾದಿದ್ದರೋ ಏನೋ. ನಾನು ಹೋಗಲಿಲ್ಲ. ಮನೆಯಲ್ಲಿ ಕೂತು ಬೆಂಗಳೂರಿನ ಕೇಂದ್ರ ಕಚೇರಿಗೆ ಕಾಗದ ಬರೆದೆ. ಸುಸ್ಥಿತಿಯಲ್ಲಿರುವ ಗಾಡಿಯನ್ನು ಕೆಟ್ಟಿದೆಯೆಂದು ಸುಳ್ಳು ಹೇಳಿ ಆರು ತಿಂಗಳು ನಿಲ್ಲಿಸಿಕೊಂಡಿದ್ದಾರೆ, ಫೋರ್‌ಮನ್ ಮತ್ತು ಡ್ರೈವರ್ ಮೈಗಳ್ಳತನಕ್ಕೆ ಕೈಜೋಡಿಸಿದ್ದಾರೆ, ನನ್ನ ಕೆಲಸ ಹಾಳಾಗುತ್ತಿದೆ. ಅರೆಬರೆ ವಿವರದ ಕಾಗದ ನನ್ನ ಕೈಯಿಂದ ಹೊರಗೆ ಹೋಗುವುದಿಲ್ಲ. ಗಾಡಿಯ ನಂಬರು, ಇಂಜಿನ್ ನಂಬರು, ನೋಂದಣಿಯಾದ ದಿನಾಂಕ ಎಲ್ಲವನ್ನೂ ನನ್ನ ಬಳಿಯಿದ್ದ ಆರ್.ಸಿ. ಪ್ರತಿ ನೋಡಿ ಇಳಿಸಿದೆ. ಮೂರು ಕಡೆ ಸಹಿ ಹಾಕಿದೆ. ಇಷ್ಟು ಸೊಗಸಾದ ಕಾಗದವನ್ನು ಟಪಾಲಿನಲ್ಲಿದ್ದ ಹನ್ನೊಂದು ವರ್ಷದಲ್ಲಿ ಒಂದನ್ನೂ ನೋಡಿರಲಿಲ್ಲ.

ಕಾಗದ ಕೆಲಸ ಮಾಡಿತು. ಒಂದೂವರೆ ತಿಂಗಳಲ್ಲಿ ಬೆಂಗಳೂರಿನಿಂದ ಮೂವರು ಬಂದರು. ನನ್ನನ್ನೂ ಶೆಡ್ಡಿಗೆ ಕರೆದರು. ಅವರು ಕ್ಲಚ್ ನೋಡಲಿಲ್ಲ. ಬಾನೆಟ್ ಒಳಗೂ ಇಣುಕಲಿಲ್ಲ. ನನ್ನ ಕಾಗದದಲ್ಲಿ ಕೆಂಪು ಗೆರೆ ಎಳೆದಿದ್ದ ಒಂದೇ ಒಂದು ಸಾಲನ್ನು ಹಿಡಿದುಕೊಂಡು ಬಂದಿದ್ದರು. ಅದು ನೋಂದಣಿಯ ದಿನಾಂಕ.

ಹದಿನೈದು ವರ್ಷ ತುಂಬಿದ ಸರ್ಕಾರಿ ಗಾಡಿಗಳು ಗುಜರಿಗೆ ಹೋಗಬೇಕೆಂಬ ನಿಯಮ ಬಂದಿರುವುದನ್ನು ನಾನೂ ಪೇಪರಿನಲ್ಲಿ ಓದಿದ್ದೆ. ಬಸ್ಸು ಲಾರಿಗಳಿಗೆ ಇರಬೇಕು ಎಂದುಕೊಂಡು ಪುಟ ತಿರುಗಿಸಿದ್ದೆ. ನನ್ನ ಜೀಪಿಗೆ ಏಪ್ರಿಲ್‌ನಲ್ಲೇ ಹದಿನೈದು ತುಂಬಿತ್ತು. ಪ್ರತಿ ತಿಂಗಳು ಬೆಂಗಳೂರಿಗೆ ಎರಡು ಪಟ್ಟಿ ಹೋಗುತ್ತವೆ. ಒಂದು ಓಡುವ ಗಾಡಿಗಳದ್ದು, ಇನ್ನೊಂದು ರಿಪೇರಿಯಲ್ಲಿರುವ ಗಾಡಿಗಳದ್ದು. ಓಡುವ ಪಟ್ಟಿಯಲ್ಲಿ ಗಾಡಿಯ ವಯಸ್ಸು ಬರೆಯುವ ಜಾಗವಿದೆ. ರಿಪೇರಿ ಪಟ್ಟಿಯಲ್ಲಿ ನಂಬರು ಮತ್ತು ದೂರು, ಎರಡೇ. ಹನ್ನೊಂದು ವರ್ಷ ಆ ಎರಡೂ ಪಟ್ಟಿಗಳನ್ನು ಲಕೋಟೆಗೆ ಹಾಕಿ ಅಂಟು ಹಚ್ಚಿದವಳು ನಾನೇ. ನನಗೇ ಹೊಳೆಯದ್ದು ಆ ಫೋರ್‌ಮನ್‌ಗೆ ಹೊಳೆದಿತ್ತು. ರಿಪೇರಿ ಪಟ್ಟಿಯಲ್ಲಿರುವ ಗಾಡಿಗೆ ವಯಸ್ಸಾಗುವುದಿಲ್ಲ.

ಗಾಡಿ ಗುಜರಿಗೆ ಹೋದರೆ ಅದರ ಹೆಸರಿನ ಗುತ್ತಿಗೆ ಮುಗಿಯುತ್ತದೆ. ಡ್ರೈವರನ ಕೆಲಸವೂ ಮುಗಿಯುತ್ತದೆ. ಐವತ್ತು ದಾಟಿದವರನ್ನು ಹೊಸ ಗಾಡಿಗೆ ತೆಗೆದುಕೊಳ್ಳುವುದಿಲ್ಲ. ಬಂದ ಮೂವರು ನನ್ನ ಜೀಪಿಗೆ ನಿಲ್ಲಲಿಲ್ಲ. ಪಕ್ಕದವುಗಳ ವಯಸ್ಸನ್ನೂ ಕೇಳಿದರು. ನಾಲ್ಕರಲ್ಲಿ ಮೂರು ಹದಿನೈದು ದಾಟಿದ್ದವು. ಮೂವರು ಡ್ರೈವರುಗಳು ಗೋಡೆಗೆ ಒರಗಿ ನಿಂತಿದ್ದರು.

ಜನವರಿಯಲ್ಲಿ ಗುಜರಿಯವರ ಲಾರಿ ಬಂತು. ನಾನು ಹೋಗಲೇಬೇಕಿತ್ತು, ಗಾಡಿ ನನ್ನ ಹೆಸರಿನಲ್ಲಿತ್ತು, ಸಹಿ ನನ್ನದು ಬೇಕಿತ್ತು. ಡ್ರೈವರ್ ಡ್ಯಾಶ್‌ಬೋರ್ಡಿನ ನಂದಿಯನ್ನು ಕಿತ್ತು ಕರವಸ್ತ್ರದಲ್ಲಿ ಸುತ್ತಿಕೊಂಡ, ಅದು ಅವನ ಸ್ವಂತದ್ದು. ಆಮೇಲೆ ಚೀಲಕ್ಕೆ ಕೈ ಹಾಕಿ ಎರಡು ವೈಪರ್ ತೆಗೆದ. ಜೀಪಿನ ಗಾಜಿನ ಮೇಲೆ, ಮೊದಲು ಎಡಗಡೆಯದು ಆಮೇಲೆ ಬಲಗಡೆಯದು, ತಿರುಪು ಬಿಗಿ ಮಾಡಿ ಕೂರಿಸಿದ.

“ಬಿಡು ಮಾರಾಯ, ಒಡೆದು ಹಾಕೋ ಗಾಡಿಗೆ ವೈಪರ್ ಯಾಕೆ?” ಎಂದ ಲಾರಿಯವನು.

“ನಿಗಮದ್ದು,” ಎಂದ ಡ್ರೈವರ್.

ಲಾರಿ ಹೋದ ಮೇಲೆ ಫೋರ್‌ಮನ್ ಎದುರಿಗೆ ನಿಂತೆ. ನನಗೂ ಸಿಟ್ಟಿತ್ತು, ಯಾಕಿರಬಾರದು?

“ಒಂದು ಮಾತು ನನಗೆ ಹೇಳಬಾರದಿತ್ತಾ? ನನ್ನ ಕೆಲಸ ಹೋದರೂ ಪರವಾಗಿಲ್ಲ, ಅವನದು ಉಳೀಬೇಕು, ಇದು ಯಾವ ನ್ಯಾಯ? ಹೇಳಿದ್ದರೆ ನಾನೂ ಏನಾದರೂ ದಾರಿ ನೋಡ್ತಿದ್ದೆ.”

“ಹೇಳ್ಬೇಕು ಅಂತ ಆ ಮನುಷ್ಯ ಮೂರು ಸಲ ನಿಮ್ಮ ಆಫೀಸ್ ಬಾಗಿಲವರೆಗೂ ಬಂದಿದ್ದ,” ಎಂದ ಫೋರ್‌ಮನ್. ಈಗ ಅವನ ಕನ್ನಡ ಎಲ್ಲೂ ಜಾರುತ್ತಿರಲಿಲ್ಲ. “ನಾನೇ ಬೇಡ ಅಂದೆ. ಹೇಳಿದ್ರೆ ನೀವು ಬರೆದು ಕೊಡಿ ಅಂತಿದ್ರಿ. ಏನಂತ ಬರೆದು ಕೊಡ್ಬೇಕಿತ್ತಮ್ಮಾ? ನೀವೇ ಹೇಳಿ.”

ಸುಳ್ಳು ಎಂದೆ. ನಾನು ಅಷ್ಟು ಕಲ್ಲಲ್ಲ ಎಂದೆ. ನಿಮ್ಮ ಕಳ್ಳತನಕ್ಕೆ ನನ್ನ ಮೇಲೆ ಗೂಬೆ ಕೂರಿಸಬೇಡಿ ಎಂದೆ. ಅವನು ಬಟ್ಟೆ ಹೆಗಲಿಗೆ ಹಾಕಿಕೊಂಡ. ಈ ಸಲ ಟೀ ಕುಡಿಯಲು ಹೋಗಲಿಲ್ಲ, ಬೆನ್ನು ತಿರುಗಿಸಿ ಖಾಲಿ ಜಾಗ ಗುಡಿಸಲು ಶುರು ಮಾಡಿದ.

ನಾನು ಗೆದ್ದೆ. ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ನಿಗಮ ನನಗೆ ಬಾಡಿಗೆ ಕಾರು ಕೊಟ್ಟಿತು, ಏಜೆನ್ಸಿಯ ಎಳೆ ಪ್ರಾಯದ ಡ್ರೈವರ್ ಜೊತೆಗೆ. ಮಾರ್ಚ್ ಒಳಗೆ ಒಂದು ಗೋದಾಮೂ ಬಿಡದೆ ಮುಗಿಸಿದೆ. ಟಪಾಲಿಗೆ ಬೇರೆ ಯಾರನ್ನೋ ಕೂರಿಸಿದರು. ಆರು ತಿಂಗಳು ನನ್ನನ್ನು ಬಸ್ಸಿನಲ್ಲಿ ಜೋತಾಡಿಸಿದ ಆ ಶೆಡ್ಡಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಫೋರ್‌ಮನ್ ಅಂದ ಆ ಮಾತಿನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿತ್ತು. ರಾತ್ರಿ ಚಪಾತಿ ಲಟ್ಟಿಸುವಾಗ ಅವನಿಗೆ ಉತ್ತರ ಕೊಡುತ್ತಿದ್ದೆ. ಹೇಳಿ ನೋಡಬೇಕಿತ್ತು, ಹೇಳದೆ ಹೇಗೆ ಗೊತ್ತಾಗುತ್ತದೆ ಎಂದು.

ಮೊನ್ನೆ ಆ ಬಾಡಿಗೆ ಕಾರಿನ ಸರ್ವಿಸ್ ಇತ್ತು. ಡ್ರೈವರ್ ರಜೆ ಹಾಕಿದ್ದ, ನಾನೇ ಓಡಿಸಿಕೊಂಡು ಬಿ.ಹೆಚ್. ರಸ್ತೆಯ ಒಂದು ಖಾಸಗಿ ಸರ್ವಿಸ್ ಸೆಂಟರಿಗೆ ಹೋದೆ. ಗಾಜಿನ ಕೋಣೆ, ಎ.ಸಿ., ಕುಡಿಯಲು ಕಾಫಿ. ಬಂದ ಗಾಡಿಗಳನ್ನು ಒಳಗೆ ತೆಗೆದುಕೊಂಡು ಹೋಗಿ ತೊಳೆದು ನಿಲ್ಲಿಸುವ ಬೂದು ಸಮವಸ್ತ್ರದವನೊಬ್ಬ ನನ್ನ ಕೈಯಿಂದ ಕೀಲಿ ತೆಗೆದುಕೊಂಡ. ಹಣೆಯಲ್ಲಿ ವಿಭೂತಿ.

“ಚೆನ್ನಾಗಿದೀರಾ ಮೇಡಂ?” ಎಂದ.

ಚೆನ್ನಾಗಿದ್ದೇನೆ ಎಂದೆ. ಅವನು ಕಾರಿನಲ್ಲಿ ಕೂತು ಹತ್ತು ಮಾರು ಮುಂದೆ ತೆಗೆದುಕೊಂಡು ಹೋದ, ನಿಲ್ಲಿಸಿದ, ಇಳಿದು ನನ್ನ ಹತ್ತಿರ ವಾಪಸು ಬಂದ. ಮುಖದಲ್ಲಿ ಹಳೆಯ ಕಾಳಜಿ ಇತ್ತು, ಗಾಡಿಯ ಬಗ್ಗೆ.

“ಮೇಡಂ, ತಪ್ಪು ತಿಳೀಬೇಡಿ. ನಿಮ್ಮ ಡ್ರೈವರ್ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾನೆ ಅನ್ಸುತ್ತೆ. ವಾಸನೆ ಬರ್ತಿದೆ. ಆಮೇಲೆ ಬ್ರೇಕು ಕೂಡ...”

ಒಳ್ಳೆಯ ಮಾತು, ಮರೆಯಬಾರದು ಎಂದುಕೊಂಡೆ. ಏಜೆನ್ಸಿಯವರಿಗೆ ತಿಳಿಸಬೇಕು. ಅವನ ಮಾತು ಕೇಳುತ್ತಲೇ ನನ್ನ ಕೈ ತಾನಾಗಿ ಚೀಲಕ್ಕೆ ಹೋಗಿ, ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿತು.

“ಬ್ರೇಕಿಗೆ ಏನಾಗಿದೆ? ಹೇಳಿ,” ಎಂದೆ.

ಅವನು ಪೆನ್ನನ್ನು ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ.

“ಏನಿಲ್ಲ ಮೇಡಂ,” ಎಂದ. “ಗಾಡಿ ಚೆನ್ನಾಗಿದೆ.”